ಮೂರನೇ ಅಳತೆ ಪುಸ್ತಕ

“ಮೂರನೇದು ಇಲ್ಲ!”

ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆ. ಚಪ್ಪಲಿ ಅಂಗಡಿಯ ಗುರುಬಸವಪ್ಪ ಕಪಾಟಿನ ಮುಂದೆ ನಿಂತು ಮತ್ತೊಮ್ಮೆ ಎಣಿಸಿದರು. ಒಂದು, ಎರಡು—ನಾಲ್ಕು, ಐದು, ಆರು, ಏಳು. ಬೀಗ ಸರಿಯಾಗಿಯೇ ಇತ್ತು. ಗಲ್ಲಾಪೆಟ್ಟಿಗೆಯನ್ನು ಯಾರೂ ಮುಟ್ಟಿರಲಿಲ್ಲ. ಗಾಜಿನ ಹಿಂದಿನ ಒಂದು ಜೋಡಿಯೂ ಕದಲಿರಲಿಲ್ಲ. ಹೋದದ್ದು ಒಂದು ಹಳೆಯ ಪುಸ್ತಕ ಮಾತ್ರ.

ನನ್ನ ಮೌಶಿ, ಅಂದರೆ ತಾಯಿಯ ತಂಗಿ, ಮೃಣಾಲಿನಿ ಅಳತೆ ಕೊಡಲೆಂದು ಸ್ಟೂಲಿನ ಮೇಲೆ ಕೂತು ಒಂದು ಕಾಲು ಮುಂದೆ ಚಾಚಿದ್ದಳು. ಆ ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಇವತ್ತು ಚಪ್ಪಲಿಯ ಕೆಲಸ ಆಗುವುದಿಲ್ಲವೆಂದು ನನಗೆ ಆಗಲೇ ಗೊತ್ತಾಯಿತು. ಅಂಚೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ, ಕಳೆದುಹೋದ ಪಾರ್ಸೆಲ್‌ಗಳ ದೂರು ವಿಚಾರಿಸಿ ನಿವೃತ್ತಳಾದವಳು ಆಕೆ. ಏನಾದರೂ ಕಾಣೆಯಾಯಿತೆಂದರೆ ಆಕೆಯ ಕಣ್ಣು ಚುರುಕಾಗುತ್ತದೆ.

ಬೇಗಂಪೇಟೆ ರೈಲು ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಮೂವತ್ತಾರು ವರ್ಷದಿಂದ ಇರುವ ಅಂಗಡಿ ಅದು. ಕಲಬುರಗಿ ಕಡೆಯಿಂದ ಬಂದ ಗುರುಬಸವಪ್ಪ ಗಿರಾಕಿಯ ಪಾದವನ್ನು ದೊಡ್ಡ ಹಾಳೆಯ ಪುಸ್ತಕದ ಮೇಲೆ ಇಡಿಸಿ ಸುತ್ತ ಪೆನ್ಸಿಲ್ಲಿನಿಂದ ಗೆರೆ ಎಳೆಯುತ್ತಾರೆ. ಕೆಳಗೆ ಹೆಸರು, ವರ್ಷ, ಒಂದು ಟಿಪ್ಪಣಿ: ‘ಬಲಗಾಲ ಹೆಬ್ಬೆಟ್ಟು ದಪ್ಪ’, ‘ಹಿಮ್ಮಡಿ ಒಡೆದಿದೆ, ಮೆತ್ತಗಿರಲಿ’. ಆ ಗೆರೆ ನೋಡಿಕೊಂಡು ಒಳಗೆ ಸೂರ್ಯಕಾಂತ ಚಪ್ಪಲಿ ಹೊಲಿಯುತ್ತಾನೆ. ಹಿಂದೆ ಹಬ್ಬದ ದಿನಗಳಲ್ಲಿ ಜನ ಬೀದಿಯವರೆಗೆ ಸಾಲು ನಿಲ್ಲುತ್ತಿದ್ದರಂತೆ. ಈಗ ಬರುತ್ತಾರೆ, ಹಾಕಿ ನೋಡುತ್ತಾರೆ, ಅಟ್ಟೆಯ ಮೇಲಿನ ನಂಬರಿನ ಫೋಟೋ ತೆಗೆದುಕೊಂಡು “ಮತ್ತ ಬರ್ತೀವಿ” ಎಂದು ಹೋಗುತ್ತಾರೆ. ಎರಡು ದಿನಕ್ಕೆ ಅವರ ಹೆಸರಿನ ಡಬ್ಬಿ ಇದೇ ಅಂಗಡಿಗೆ ಬಂದಿಳಿಯುವುದೂ ಉಂಟು. ಅಂಗಡಿಯ ಮೇಲಿನ ಮಹಡಿಗಳ ನಾಲ್ಕು ಮನೆಯವರೂ ಹಗಲು ಕೆಲಸಕ್ಕೆ ಹೋಗುವವರು; ಅವರ ಆನ್‌ಲೈನ್ ಪಾರ್ಸೆಲ್‌ಗಳನ್ನು ಇಟ್ಟುಕೊಂಡು ಸಂಜೆ ಕೊಡುವವರು ಗುರುಬಸವಪ್ಪನೇ.

“ಆ ಪುಸ್ತಕ ಯಾವ ಕಾಲದ್ದು?” ಮೌಶಿ ಕೇಳಿದಳು.

“ತೊಂಬತ್ತೇಳರಿಂದ ತೊಂಬತ್ತೊಂಬತ್ತರ ತನಕ್ರಿ, ಅಕ್ಕಾರ.”

“ಕಡೀಕ ನೋಡಿದ್ದು?”

“ನಿನ್ನೆ ಮಧ್ಯಾಹ್ನ. ದೀಪಕ ಅಂತ ಒಬ್ಬ ಹುಡುಗ ಬಂದಿದ್ದ. ಮಣಿಕೊಂಡದಾಗ ಅವನ ಆಫೀಸ್ ಐತಿ. ಫೋನಿನ ಮ್ಯಾಲೇ ಅಳತೆ ತಗೊಂಡು ಚಪ್ಪಲ್ ಮಾರ್ತಾನ. ಏಳೂ ಪುಸ್ತಕ ನಂಗ ಕೊಡ್ರಿ ಅಂಕಲ್, ನಿಮ್ಮ ಗಿರಾಕಿಗಳ ಅಳತಿ ಕಂಪ್ಯೂಟರಿಗೆ ಹಾಕ್ತೀನಿ ಅಂದ.”

“ನೀವು ಏನಂದ್ರಿ?”

“ನೋಡೋಣು ಅಂದೆ.” ಗುರುಬಸವಪ್ಪ ತಲೆ ತಗ್ಗಿಸಿದರು. “ಮೂರು ತಿಂಗಳಾತ್ರಿ, ಹೊಸಾ ಕಾಲು ಒಂದೂ ಬಂದಿಲ್ಲ. ಮತ್ತೇನನ್ಲಿ?”

“ಪುಸ್ತಕ ಹೊರಗ ತೆಗದಿದ್ರಿ?”

“ನಾಕು ತೆಗದು ಇಲ್ಲೇ ಕೌಂಟರ್ ಮ್ಯಾಲೆ ತೋರಿಸಿದೆ. ಆಮ್ಯಾಲೆ ಆ ಹುಡುಗನ್ನ ಕಾರಿನ ತನಕ ಕಳಿಸಾಕ ಹೋದೆ. ಸೂರ್ಯಕಾಂತ ಊಟಕ್ಕ ಹೋಗಿದ್ದ. ಬಂದಾಂವ ಪುಸ್ತಕ ಕಪಾಟಿಗಿಟ್ಟು ಬೀಗ ಹಾಕಿದ.” ಅವರ ದನಿ ಇಳಿಯಿತು. “ಅಕ್ಕಾರ, ದೀಪಕ ಅವಂಗೂ ಕೆಲಸ ಕೊಡ್ತೀನಿ ಅಂದಾನಂತ. ಸೂರ್ಯಕಾಂತ ನಂಗ ಒಂದ ಮಾತೂ ಹೇಳಲಿಲ್ಲ.”

ಅಷ್ಟರಲ್ಲಿ ಸೂರ್ಯಕಾಂತನೇ ಬಂದ. ಐವತ್ತು ದಾಟಿದ ಮನುಷ್ಯ, ಉಪ್ಪಲ್‌ನಿಂದ ದಿನಾ ಮೆಟ್ರೋದಲ್ಲಿ ಬರುತ್ತಾನೆ. ಮೂವತ್ತು ವರ್ಷದಿಂದ ಇದೇ ಅಂಗಡಿ.

“ನಿನ್ನೆ ಎಷ್ಟು ಪುಸ್ತಕ ಒಳಗಿಟ್ಟಿ?” ಗುರುಬಸವಪ್ಪ ಕೇಳಿದರು.

“ಕೌಂಟರ್ ಮ್ಯಾಲೆ ಇದ್ದಷ್ಟು ಇಟ್ಟೆ, ಸಾವಕಾರ್ರ. ಎಣಿಸಿಲ್ಲ. ಯಾಕ್ರಿ?”

“ಮೂರನೇದು ಇಲ್ಲ. ದೀಪಕನ ಹತ್ರ ಕೆಲಸಕ್ಕ ಹೊಂಟೀಯಂತಲ್ಲ?”

“ಅವ ಕರದ. ನಾ ಒಲ್ಲೆ ಅಂದೆ. ಹೇಳೂದೇನೈತಿ ಅದರಾಗ?”

ಗುರುಬಸವಪ್ಪ ಅಂದರು—ಅನ್ನಬಾರದಿತ್ತು—“ನಿನ್ನ ಚೀಲ ತೋರಿಸು.”

ಸೂರ್ಯಕಾಂತ ಅವರನ್ನೇ ನೋಡಿದ. ನಂತರ ಚೀಲದಲ್ಲಿದ್ದುದನ್ನು ಒಂದೊಂದಾಗಿ ಕೌಂಟರ್ ಮೇಲೆ ಇಟ್ಟ. ಬುತ್ತಿಡಬ್ಬಿ. ನೀರಿನ ಬಾಟಲಿ. ಕನ್ನಡಕ. ಮಡಚಿದ ಒಂದು ಟವೆಲ್. ಅಷ್ಟೇ.

ಅದೇ ಹೊತ್ತಿಗೆ ಬಾಗಿಲಲ್ಲಿ ಸ್ಕೂಟರ್ ನಿಂತಿತು. ಪಾರ್ಸೆಲ್ ತರುವ ಮಂದಾಕಿನಿ. ಮೂವತ್ತನಾಲ್ಕರ ಹೆಂಗಸು, ಮೂರು ವರ್ಷದಿಂದ ಈ ಗಲ್ಲಿಗೆ ಅವಳೇ ಬರುತ್ತಾಳೆ. ಬಂದಾಗಲೆಲ್ಲ ಬೆನ್ನಿನ ದೊಡ್ಡ ಚೀಲ ಕೆಳಗಿಳಿಸಿ, ಗುರುಬಸವಪ್ಪ ಕೊಟ್ಟ ನೀರು ಕುಡಿದು, ಎರಡು ಮಾತಾಡಿ ಹೋಗುವುದು ರೂಢಿ. ಇವತ್ತು ಅವಳ ಕಣ್ಣು ಕೌಂಟರ್ ಮೇಲಿದ್ದ ಬುತ್ತಿಡಬ್ಬಿಯ ಮೇಲೆ, ಸೂರ್ಯಕಾಂತನ ಮುಖದ ಮೇಲೆ ನಿಂತಿತು.

“ಏನಾತು ಕಾಕಾ?”

“ಅಳತಿ ಪುಸ್ತಕ ಒಂದು ಕಳುವಾಗೈತಿ, ತಂಗಿ.”

“ಇವತ್ತು ಮೂರು ಅದಾವ್ರಿ,” ಎಂದು ಕೈಯಲ್ಲಿದ್ದ ಪಾರ್ಸೆಲ್ ಇಟ್ಟು, ಬೆನ್ನಿನ ಚೀಲ ಇಳಿಸದೆ ಅವಳು ಹೊರಟೇ ಬಿಟ್ಟಳು.

“ನೀರು ಕುಡೀಲಿಲ್ಲಲ್ಲ,” ಎಂದು ಗುರುಬಸವಪ್ಪ ಗೊಣಗಿ, ಗೋಡೆಯ ಕ್ಯಾಲೆಂಡರಿನ ಬುಧವಾರದ ಮನೆಯಲ್ಲಿ ‘3–0’ ಎಂದು ಬರೆದರು.

ಸೂರ್ಯಕಾಂತ ಸಾಮಾನನ್ನು ಚೀಲಕ್ಕೆ ತುಂಬಿಕೊಂಡ. “ನಾಳೆ ಬಂದು ನನ್ನ ಹತ್ಯಾರ ಒಯ್ತೀನ್ರಿ. ಇನ್ನ ಈ ಅಂಗಡ್ಯಾಗ ನಂದೇನೂ ಇಲ್ಲ.”

“ನಾಳೆ ನಾಲ್ಕಕ್ಕ ಬಾ, ಸೂರ್ಯಕಾಂತ,” ಮೌಶಿ ಅಂದಳು. “ಅದಕ್ಕಿಂತ ಮುಂಚೆ ಬ್ಯಾಡ. ನನ್ನ ಸಲುವಾಗಿ.”

ಅವನು ಚೀಲ ಹೆಗಲಿಗೇರಿಸಿಕೊಂಡು ಹೋದ.

ಮೌಶಿ ದೀಪಕನಿಗೆ ಅಲ್ಲಿಂದಲೇ ಫೋನ್ ಮಾಡಿಸಿದಳು. ಹುಡುಗ ಗಾಬರಿಯಾದ.

“ಮೂರನೇ ಪುಸ್ತಕಾನಾ? ಮೇಡಂ, ತೊಂಬತ್ತೆಂಟರ ಕಾಲು ತಗೊಂಡು ನಾನೇನ್ ಮಾಡ್ಲಿ? ಆಗಿನ ಹುಡುಗರ ಕಾಲು ಈಗ ಅಷ್ಟೇ ಇರ್ತಾವಾ? ಕಡೀ ಎರಡು ಪುಸ್ತಕ ಸಾಕಿತ್ತು ನಂಗೆ.”

“ಮತ್ತ ಏಳೂ ಬೇಕು ಅಂತ ಯಾಕ ಕೇಳಿದಿ?”

“ಎರಡೇ ಸಾಕು ಅಂದಿದ್ರೆ ಅಂಕಲ್ ಮುಖ ಸಣ್ಣದಾಗ್ತಿತ್ತು, ಮೇಡಂ. ಬಾಕಿ ಅಷ್ಟು ವರ್ಷ ಯಾರಿಗೂ ಬ್ಯಾಡ ಅಂದಂಗ ಆಗ್ತಿತ್ತಲ್ಲ?”

ಮೌಶಿ ಫೋನ್ ಇಟ್ಟು ಕ್ಯಾಲೆಂಡರ್ ಹತ್ತಿರ ಹೋದಳು. ಮಂಗಳವಾರದ ಮನೆಯಲ್ಲಿ ‘6–2’ ಎಂದಿತ್ತು.

“ಇದೇನು?”

“ಪಾರ್ಸೆಲ್‌ದ್ರಿ. ಆರು ಬಂದ್ವು, ಎರಡು ವಾಪಸ್ ಹೋದ್ವು. ಮ್ಯಾಲಿನ ಮಂದಿ ಒಲ್ಲದ್ದನ್ನ ಇಲ್ಲೇ ಇಟ್ಟು ಹೋಗ್ತಾರ, ಮಂದಾಕಿನಿ ಒಯ್ತಾಳ.”

ಸಂಜೆ ಮೌಶಿ ನನ್ನನ್ನು ಮೇಲಿನ ಮನೆಗಳಿಗೆ ಕಳಿಸಿದಳು. ಕೇಳಬೇಕಾದದ್ದು ಒಂದೇ ಪ್ರಶ್ನೆ: ಮಂಗಳವಾರ ಏನನ್ನಾದರೂ ವಾಪಸ್ ಕಳಿಸಿದಿರಾ? ಮೂರು ಮನೆಯವರು ಇಲ್ಲ ಅಂದರು. ಮೂರನೇ ಮಹಡಿಯ ಪಿಂಕಿ ಎಂಬ ಹುಡುಗಿ ಮಾತ್ರ ಒಂದು ಕುರ್ತಾ ಕಳಿಸಿದ್ದಳು. ತೋಳು ಬಿಗಿಯಾಗಿತ್ತಂತೆ.

“ಒಂದ?” ಮೌಶಿ ಕೇಳಿದಳು.

“ಒಂದೇ. ಆದ್ರ ಮೌಶಿ, ಕುರ್ತಾಕ್ಕೂ ಪುಸ್ತಕಕ್ಕೂ ಏನು ಸಂಬಂಧ?”

ಮೌಶಿ ನನ್ನ ತಲೆ ಸವರಿದಳು. ಅವಳ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ರಾತ್ರಿ ಊಟಕ್ಕೆ ಕೂತಾಗಲೂ ಅವಳಿಗೆ ಅದೇ ಚಿಂತೆ ಇದ್ದಂತಿತ್ತು.

ಗುರುವಾರ ಮಧ್ಯಾಹ್ನ ಮೌಶಿ ಹೇಳಿದ ಹೊತ್ತಿಗೇ ಸೂರ್ಯಕಾಂತ ಬಂದು, ಚರ್ಮ ಕೊಯ್ಯುವ ಚಾಕು, ಸುತ್ತಿಗೆ, ಮರದ ಅಚ್ಚುಗಳನ್ನು ಚೀಲಕ್ಕೆ ತುಂಬತೊಡಗಿದ. ಗುರುಬಸವಪ್ಪ ಅವನ ಕಡೆ ನೋಡದೆ, ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದರು.

“ಇಬ್ಬರೂ ಕೇಳ್ರಿ,” ಮೌಶಿ ಅಂದಳು. “ಕದ್ದಾಕಿ ಅಂಗಡಿಗೆ ಕೇಡು ಬಯಸಿದಾಕಿ ಅಲ್ಲ. ವ್ಯಾಪಾರದ ಸಲುವಾಗಿ ಕದಿಯೋರು ಹೊಸಾ ಪುಸ್ತಕ ಒಯ್ತಿದ್ರು. ದೀಪಕಗೂ ಅದ ಬೇಕಾಗಿತ್ತು. ಸೂರ್ಯಕಾಂತ ಮಾರೋ ಮನುಷ್ಯಾ ಆಗಿದ್ರ ಅವನೂ ಅದನ್ನ ಒಯ್ತಿದ್ದ. ಇಪ್ಪತ್ತೈದು ವರ್ಷದ ಹಿಂದಿನ ಕಾಲು ಯಾರಿಗೆ ಬೇಕು? ಆ ಕಾಲು ಯಾರದೋ, ಅವರ ಮಂದಿಗೆ ಬೇಕು.”

“ಆದ್ರ ಒಯ್ದದ್ದು ಹ್ಯಾಂಗ್ರಿ?” ಗುರುಬಸವಪ್ಪ ಕೇಳಿದರು. “ಅಷ್ಟು ದೊಡ್ಡ ಪುಸ್ತಕ! ನಾ ಬೀದ್ಯಾಗ ನಿಂತಿದ್ದೆ. ಯಾರ ಕೈಯಾಗೂ ಕಾಣಲಿಲ್ಲ.”

“ಕಂಡದ. ನೀವ ಬರದಿಟ್ಟೀರಿ. ಮಂಗಳವಾರ ವಾಪಸ್ ಹೋದದ್ದು ಎರಡು. ಮ್ಯಾಲಿನವರು ಕೊಟ್ಟದ್ದು ಒಂದು. ಇನ್ನೊಂದರಾಗ ಏನಿತ್ತು?”

ಗುರುಬಸವಪ್ಪ ಕ್ಯಾಲೆಂಡರ್ ನೋಡಿದರು. ಬಟ್ಟೆ ಹಿಡಿದ ಕೈ ಗಾಜಿನ ಮೇಲೆಯೇ ನಿಂತಿತು. “ನಾ ಎಣಿಸಲಿಲ್ಲ... ಆಕಿ ಹೇಳಿದ್ಲು, ನಾ ಬರದೆ. ಬಾಗಿಲಾಗ ಎದುರು ಬಂದು ‘ವಾಪಸ್ ಎರಡು, ಕಾಕಾ’ ಅಂದ್ಲು...”

“ಮೂವತ್ತೊಂದು ವರ್ಷ ಇದನ್ನ ನೋಡೀನಿ. ಪಾರ್ಸೆಲ್ ಒಯ್ಯೋರ ಕೈಯಾಗ ಪಾರ್ಸೆಲ್ ಕಂಡ್ರ ಯಾರೂ ಏನೂ ಕೇಳೂದಿಲ್ಲ. ಬೆನ್ನಿನ ಚೀಲ ದಿನಾ ಕೆಳಗಿಡಾಕಿ, ನಿನ್ನೆ ಯಾಕ ಇಡಲಿಲ್ಲ?”

ಹೊರಗೆ ಸ್ಕೂಟರ್ ನಿಂತ ಸದ್ದಾಯಿತು.

ಮಂದಾಕಿನಿ ಒಳಗೆ ಬಂದವಳು ನಮ್ಮೆಲ್ಲರ ಮುಖವನ್ನೂ ನೋಡಿದಳು. ಯಾರೂ ಕೇಳುವ ಮೊದಲೇ ಚೀಲ ಇಳಿಸಿ, ಬೂದು ಬಣ್ಣದ ಒಂದು ಕವರ್ ತೆಗೆದು, ಎರಡೂ ಕೈಯಲ್ಲಿ ಹಿಡಿದು ಕೌಂಟರ್ ಮೇಲೆ ಇಟ್ಟಳು.

“ಸೂರ್ಯಕಾಂತಣ್ಣನ ಚೀಲ ನೋಡಿದಾಗಿಂದ ನಂಗ ಅನ್ನ ಇಳದಿಲ್ಲ, ಕಾಕಾ.”

“ಯಾಕ ತಂಗಿ?” ಗುರುಬಸವಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. “ಕೇಳಿದ್ರ ಕೊಡ್ತಿದ್ದಿಲ್ಲೇನು?”

“ಯಾವ ಬಾಯಿಲೆ ಕೇಳ್ಲಿ? ನಿಮ್ಮ ಗಿರಾಕಿಗಳ ಮನಿಗೆ ಚಪ್ಪಲ್ ಡಬ್ಬಿ ಒಯ್ಯಾಕಿ ನಾನು. ನಿಮ್ಮ ನೀರು ಕುಡದು, ನಿಮ್ಮ ಎದುರಿಗೇ ಹಾದು ಒಯ್ತೀನಿ.” ಅವಳು ಕವರಿನಿಂದ ಪುಸ್ತಕ ತೆಗೆದು ಬಿಚ್ಚಿದಳು. ಗುರುತಿಗೆ ಒಂದು ಬಸ್ ಟಿಕೆಟ್ ಇಟ್ಟಿದ್ದಳು. “ಮಂಗಳವಾರ ಇದು ಕೌಂಟರ್ ಮ್ಯಾಲೆ ತೆರದಿತ್ತು. ನಮ್ಮವ್ವನ ಹೆಸರು ಕಾಣಿಸ್ತು.”

ನಾವೆಲ್ಲ ಬಾಗಿ ನೋಡಿದೆವು. ‘ಗದಿಗೆಮ್ಮ, 1998.’ ಅಗಲವಾದ ಎರಡು ಪಾದಗಳು. ಬಲಪಾದದ ಗೆರೆಯೊಳಗೆ ಇನ್ನೊಂದು ಪುಟ್ಟ ಪಾದದ ಗೆರೆ.

“ಆ ಸಣ್ಣದು ನಂದು. ಅವ್ವ ದವಾಖಾನ್ಯಾಗ ಆಯಾ ಇದ್ಲು. ಅಳತಿ ಕೊಡಾಕ ಬಂದಾಗ ನಂದೂ ಬರೀರಿ ಅಂತ ನಾ ಅತ್ತಿದ್ನಂತ. ಯಾವಾಗಲೂ ಹೇಳಿ ನಗತಿದ್ಲು. ಆಕಿ ಹೋಗಿ ಒಂಬತ್ತು ವರ್ಷಾತು. ಆಧಾರ್ ಕಾರ್ಡಿನ ಫೋಟೋ ಒಂದೈತಿ, ಉಗುರಿನಷ್ಟು. ಇಲ್ಲಿ ನೋಡ್ರಿ—ಅವ್ವನ ಕಾಲು ಅವ್ವನ ಕಾಲಿನಷ್ಟೇ ಐತಿ.”

“ಹಾಳಿ ಹರಕೊಂಡು ಹೋಗಬಹುದಿತ್ತಲ್ಲ?” ನಾನು ಕೇಳಿದೆ.

“ಕೈ ಬರಲಿಲ್ಲ. ಜೆರಾಕ್ಸ್ ಮಾಡಿಸಿ ತಂದಿಡ್ತೀನಂತ ಒಯ್ದೆ. ಅಂಗಡಿಯವ ಹಾಳಿ ದೊಡ್ಡದೈತಿ, ಸಣ್ಣದು ಮಾಡಿ ತೆಗೀತೀನಿ ಅಂದ. ಸಣ್ಣದ್ಯಾಕ ಬೇಕು ನಂಗ? ಮರುದಿನ ಇಡಾಕ ಬಂದ್ರ ಇಲ್ಲಿ ಅಣ್ಣನ ಚೀಲ ಬಿಚ್ಚಿಸಿದ್ರಿ. ಅಂಜಿಕಿ ಬಂತು.”

ಇಷ್ಟು ಹೊತ್ತು ದೂರ ನಿಂತಿದ್ದ ಸೂರ್ಯಕಾಂತ ಹತ್ತಿರ ಬಂದ. ಕನ್ನಡಕ ಹಾಕಿಕೊಂಡು, ಎಡಪಾದದ ಗೆರೆಯ ಮೇಲೆ ಬೆರಳು ಆಡಿಸಿದ.

“ಇದು ನಂಗ ನೆನಪೈತಿ. ಎಡಗಾಲು ಅರ್ಧ ಬೆರಳಿನಷ್ಟು ಗಿಡ್ಡಿತ್ತು. ಆ ಚಪ್ಪಲಿಗೆ ಒಂದು ಪದರ ಚರ್ಮ ಹೆಚ್ಚಿಗಿ ಹಾಕಿದ್ದೆ. ಹೊರಗ ಕಾಣಬಾರದಂಗ ಒಳಗ ಕೂಡಿಸಿ ಹೊಲದಿದ್ದೆ.”

“ನಮ್ಮವ್ವನ ಕಾಲಾ? ಇಲ್ಲಣ್ಣ,” ಮಂದಾಕಿನಿ ತಲೆಯಾಡಿಸಿದಳು. “ನಮ್ಮವ್ವ ಕುಂಟತಿದ್ದಿಲ್ಲ.”

“ಹೌದು. ಕುಂಟಬಾರದಂತ ಹಾಕಿದ್ದು.”

ಅವಳು ಎಡಪಾದದ ಗೆರೆಯ ಮೇಲೆ ತಾನೂ ಬೆರಳಿಟ್ಟಳು. “ಮನ್ಯಾಗೂ ಚಪ್ಪಲ್ ಬಿಡ್ತಿದ್ದಿಲ್ಲ,” ಎಂದಳು. “ನೆಲಾ ಥಂಡಿ ಐತಿ ಅಂತಿದ್ಲು. ಬ್ಯಾಸಗ್ಯಾಗೂ ಹಂಗ ಅಂತಿದ್ಲು.” ಮೌಶಿ ಅವಳನ್ನು ಸ್ಟೂಲಿನ ಮೇಲೆ ಕೂಡಿಸಿದಳು. ನಾನು ನೀರು ತಂದುಕೊಟ್ಟೆ.

ಗುರುಬಸವಪ್ಪ ಕೌಂಟರ್ ಸುತ್ತಿ ಈಚೆ ಬಂದು ಸೂರ್ಯಕಾಂತನ ಎದುರು ನಿಂತರು. “ತಪ್ಪಾತು,” ಅಂದರು. “ನಿನ್ನ ಚೀಲ ಬಿಚ್ಚಿಸೋ ಕೆಲಸ ಮಾಡಬಾರದಿತ್ತು ನಾ.”

“ಮಾಡಬಾರದಿತ್ರಿ,” ಸೂರ್ಯಕಾಂತ ಅಂದ. ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಅವನು ಚೀಲದಿಂದ ಚಾಕು ತೆಗೆದ. ಪುಸ್ತಕವನ್ನು ತನ್ನ ಕಡೆ ತಿರುಗಿಸಿ, ಹೊಲಿಗೆ ಬಿಚ್ಚದ ಹಾಗೆ, ಗದಿಗೆಮ್ಮನ ಹಾಳೆಯನ್ನು ಒಂದೇ ಎಳೆತಕ್ಕೆ ನೀಟಾಗಿ ಕೊಯ್ದ. ಅದನ್ನು ಮಡಚದೆ, ಎರಡು ರಟ್ಟುಗಳ ನಡುವೆ ಇಟ್ಟು ದಾರ ಕಟ್ಟಿ ಮಂದಾಕಿನಿಯ ಕೈಗೆ ಕೊಟ್ಟ. ನಂತರ ತನ್ನ ಜಾಗಕ್ಕೆ ಹೋಗಿ ಕೂತು, ಚೀಲದಲ್ಲಿದ್ದ ಅಚ್ಚುಗಳನ್ನು ಒಂದೊಂದಾಗಿ ಹಲಗೆಯ ಮೇಲೆ ಜೋಡಿಸಿದ.

ಅಂಗಡಿ ಮೊದಲಿನಂತಾಯಿತೆಂದು ನಾನು ಹೇಳಲಾರೆ. ಯುಗಾದಿಯ ಹೊತ್ತಿಗೆ ಗುರುಬಸವಪ್ಪ ಅಂಗಡಿಯ ಮುಂದಿನ ಅರ್ಧವನ್ನು ಮೊಬೈಲ್ ಕವರ್ ಮಾರುವವನೊಬ್ಬನಿಗೆ ಬಿಟ್ಟುಕೊಟ್ಟರು. ಪುಸ್ತಕಗಳನ್ನು ದೀಪಕನಿಗೆ ಕೊಡಲಿಲ್ಲ. ಅಳತೆಗೆ ಸಿಗದ ಕಾಲುಗಳಿದ್ದರೆ ಇಲ್ಲಿಗೇ ಕಳಿಸು ಎಂದರು. ಹುಡುಗ ಒಪ್ಪಿದ. ಆದರೆ ಅವನಿಗಿಂತ ಹೆಚ್ಚು ಜನರನ್ನು ಕಳಿಸುವವಳು ಮಂದಾಕಿನಿ. ಸರಿಹೊಂದದೆ ವಾಪಸ್ ಕೊಡುವ ಚಪ್ಪಲಿ ಡಬ್ಬಿಯನ್ನು ಬಾಗಿಲಲ್ಲಿ ನಿಂತು ಇಸಿದುಕೊಳ್ಳುವಾಗ ಅವಳು ಒಮ್ಮೆ ಆ ಮನೆಯವರ ಪಾದ ನೋಡುತ್ತಾಳೆ.

“ಬೇಗಂಪೇಟ್ಯಾಗ ಒಬ್ಬರದಾರ್ರಿ,” ಎನ್ನುತ್ತಾಳೆ. “ನಾಲ್ಕು ದಿನ ಹಿಡೀತೈತಿ. ಆದ್ರ ವಾಪಸ್ ಕೊಡೂದು ಬರಂಗಿಲ್ಲ.”