ಕಚ್ಚಂಗಿ

ನೀಲವ್ವನ ಪಡಸಾಲೆಯಲ್ಲಿ ಹೆಣಿಗೆ ಯಂತ್ರದ ಸೂಜಿಗಳು ಸಾಲಾಗಿ ಏಳುತ್ತ ಬೀಳುತ್ತ ಇದ್ದವು. ಹಾರ್ಮೋನಿಯಂ ಪೆಟ್ಟಿಗೆಗಿಂತ ತುಸು ಉದ್ದದ ಯಂತ್ರ. ಪರದೆಯ ಮೇಲೆ ನಕ್ಷೆ ಬರೆದುಕೊಟ್ಟರೆ ಉಬ್ಬು, ತಗ್ಗು, ಜಡೆ, ಜಾಲರಿ ಯಾವ ಬಗೆಯ ಬಟ್ಟೆಯನ್ನಾದರೂ ಹೆಣೆದು ಕೆಳಗಿಳಿಸುತ್ತಿತ್ತು. ಇಸವಿ ಎರಡು ಸಾವಿರದ ಅರವತ್ತೊಂದು. ಇಳಕಲ್ಲಿನಲ್ಲಿ ಮಗ್ಗ ಇದ್ದ ಎಷ್ಟೋ ಮನೆಗಳಲ್ಲಿ ಈಗ ಈ ಯಂತ್ರವೇ ಕೂತಿತ್ತು.

ಆ ದಿನ ಇಳಿದ ಬಟ್ಟೆ ಜೇನುಹುಟ್ಟಿನ ಹಾಗೆ ಕಾಣುತ್ತಿತ್ತು. ಅದನ್ನು ಕಂಡುಹಿಡಿದ ಡಾ. ಮಂದಾಕಿನಿ ಬಾದವಾಡಗಿ ಬಟ್ಟೆಯನ್ನು ಬಾಳೆದಿಂಡಿಗೆ ಸುತ್ತಿ, ಕುರಿ ಕೊಯ್ಯುವ ಚೂರಿಯನ್ನು ನೀಲವ್ವನ ತಮ್ಮ ಹುಚ್ಚೇಶನ ಕೈಗೆ ಕೊಟ್ಟರು.

"ತಿವಿ. ಜೋರಾಗಿ."

ಹುಚ್ಚೇಶ ಕ್ವಾರಿಯಲ್ಲಿ ಕಲ್ಲು ಒಡೆದ ತೋಳಿನಿಂದ ತಿವಿದ. ಚೂರಿಯ ತುದಿ ಬಾಗಿತು. ದಿಂಡಿನಿಂದ ಒಂದು ಹನಿ ನೀರೂ ಬರಲಿಲ್ಲ.

"ಇದರಾಗ ಕಬ್ಬಿಣ ಹಾಕೀರೇನ್ರಿ ಅಕ್ಕಾರ?"

"ಬರೇ ನೂಲು. ಶಕ್ತಿ ಇರೋದು ಹೆಣೆದ ರೀತಿಯಲ್ಲಿ. ಬಸ್ಸಿನಿಂದ ಜನ ಒಬ್ಬೊಬ್ಬರಾಗಿ ಇಳಿದರೆ ಬಾಗಿಲು ಸಾಕಾಗ್ತದೆ. ಎಲ್ಲರೂ ಒಮ್ಮೆಲೇ ನುಗ್ಗಿದರೆ ಒಬ್ಬನೂ ಇಳಿಯೋದಿಲ್ಲ. ಈ ಕುಣಿಕೆಗಳೂ ಹಾಗೇ. ಮೆಲ್ಲಗೆ ಎಳೆದರೆ ಜಾರ್ತವೆ, ಸಟ್ಟನೆ ಹೊಡೆದರೆ ಒಂದನ್ನೊಂದು ಕಚ್ಚಿಕೊಳ್ತವೆ."

"ಮೆಲ್ಲಕ ಚುಚ್ಚಿದ್ರ?"

"ಅಲ್ಲಿತನಕ ನೀನು ಸುಮ್ಮನೆ ನಿಂತಿರ್ತೀಯೇನು?"

ನೀಲವ್ವನ ಗಂಡ ಸಕ್ರಪ್ಪ ನಕ್ಕ. "ಇಂವ ನಿಂತಾನ್ರಿ. ಮದುವಿಗಿ ಹೆಣ್ಣು ನೋಡಾಕ ಹೋದಾಗೂ ಹಂಗ ನಿಂತಿದ್ದ."

ನಗು ಸಣ್ಣದು, ಭಯ ದೊಡ್ಡದು. ಕೆಂಪು ಕಲ್ಲಿನ ಕ್ವಾರಿಯಲ್ಲಿ ಕೂಲಿಕಾರರ ಸಂಘಕ್ಕೂ ಗುತ್ತಿಗೆದಾರ ಸಾಕಿದ ಹುಡುಗರಿಗೂ ಹತ್ತಿದ ಜಗಳ ಆಗಲೇ ಹೆಣಗಳನ್ನು ಕೆಡವಿತ್ತು. ಸಕ್ರಪ್ಪ, ಹುಚ್ಚೇಶ ಇಬ್ಬರೂ ಸಂಘದವರು. ಮಂದಾಕಿನಿ ತಮ್ಮ ನಕ್ಷೆಯನ್ನು ಯಾರಿಗೂ ಮಾರಲಿಲ್ಲ. ಮನೆಯಲ್ಲಿ ಯಂತ್ರವಿದ್ದವರು ಯಾರು ಬೇಕಾದರೂ ಇಳಿಸಿಕೊಳ್ಳಲಿ ಎಂದು ಬಿಟ್ಟರು. ಹೀಗಾಗಿ ಗುತ್ತಿಗೆದಾರನ ಹುಡುಗರ ತಾಯಂದಿರೂ ಇಳಿಸಿಕೊಂಡರು. ಮಳೆಗಾಲ ಮುಗಿಯುವಷ್ಟರಲ್ಲಿ ಊರಿನ ಗಂಡಸರೆಲ್ಲರ ಮೈಮೇಲೆ ಅದೇ ಅಂಗಿ. ಜನ ಅದನ್ನು ಕಚ್ಚಂಗಿ ಎಂದರು.

ಮಂದಾಕಿನಿ ಎಣಿಸದೆ ಇದ್ದದ್ದು ಒಂದಿತ್ತು. ಮೊದಲು ಚೂರಿ ಕಂಡರೆ ಓಡುತ್ತಿದ್ದವರು ಈಗ ಎದೆಯೊಡ್ಡಿ ಬರತೊಡಗಿದರು. ಬಡಿದಾಟ ಹೆಚ್ಚಿತು. ಪಕ್ಕೆಲುಬು ಮುರಿದುಕೊಂಡು, ಎದೆ ನೀಲಿಗಟ್ಟಿಸಿಕೊಂಡು ಮನೆಗೆ ಬಂದರೂ ಬದುಕಿ ಬಂದೆವಲ್ಲ ಎಂದು ಮೀಸೆ ತಿರುವಿದರು.

ಒಂದು ಮಧ್ಯಾಹ್ನ ಕ್ವಾರಿಯ ಗೇಟಿನ ಚಹಾದಂಗಡಿಯ ಮುಂದೆ ಗುತ್ತಿಗೆದಾರನ ಕಡೆಯ ದ್ಯಾಮಣ್ಣ ಹುಚ್ಚೇಶನನ್ನು ಅಡ್ಡಗಟ್ಟಿದ. ಹುಚ್ಚೇಶ ನಗುತ್ತಲೇ ನಿಂತ. ದ್ಯಾಮಣ್ಣ ಎದೆಗೆ ತಿವಿಯಲಿಲ್ಲ. ಎಡಗೈಯಿಂದ ಹುಚ್ಚೇಶನ ಎಡತೋಳನ್ನು ಮೇಲಕ್ಕೆ ತಿರುಚಿ, ಕಂಕುಳ ಕೆಳಗೆ ಬೆರಳಿನಿಂದ ತಡವಿ, ಅಲ್ಲಿಗೇ ಚೂರಿ ಹೊಡೆದ. ಹಿಡಿಕೆಯವರೆಗೂ ಹೋಯಿತು. ಹುಚ್ಚೇಶ ಬೆಂಚಿನ ಮೇಲೆ ಕೂತ, ಬಾಯಲ್ಲಿ ರಕ್ತ ಬಂತು, ಹಾಗೇ ಮಗ್ಗುಲಿಗೆ ಉರುಳಿದ.

ಮಣ್ಣು ಮಾಡಿದ ಮೇಲೆ ಮಂದಾಕಿನಿ ಬಂದು, ರಕ್ತ ಒಣಗಿ ರಟ್ಟಿನಂತಾಗಿದ್ದ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದರು. ಚೂರಿ ಹೋದ ಜಾಗದಲ್ಲಿ ಒಂದು ಕುಣಿಕೆ ಮೊದಲಿನಿಂದಲೇ ಇರಲಿಲ್ಲ. ಕುಣಿಕೆಗಳು ಕಚ್ಚಿಕೊಳ್ಳಬೇಕಾದರೆ ಪಕ್ಕದಲ್ಲಿ ಇನ್ನೊಂದು ಇರಬೇಕು. ಒಂದು ತಪ್ಪಿದರೆ ಅದರ ಸುತ್ತಲಿನವೆಲ್ಲ ಸಡಿಲ.

"ಯಂತ್ರ ಹೀಗೆ ತಪ್ಪೋದಿಲ್ಲ, ನೀಲವ್ವ."

"ಯಂತ್ರ ತಪ್ಪಿಲ್ರಿ. ಸೂಜಿ ತಡದು ನಾನ ಬಿಟ್ಟೀನಿ. ಪೂರಾ ಚಂದ ಮಾಡಿದ್ರ ದೃಷ್ಟಿ ಆಗತೈತ್ರಿ. ನಮ್ಮವ್ವ ಸೀರೀಗೂ ಒಂದೆಳಿ ಬಿಡತಿದ್ದಳು. ಅಂಗಿಗಾದ್ರ ಎಡಬಗಲಾಗ. ಅಲ್ಲಿ ಯಾರಿಗೂ ಕಾಣೂದಿಲ್ಲ." ಅವಳು ಆ ತೂತಿನ ಮೇಲೆ ಬೆರಳಿಟ್ಟಳು. "ಎಲ್ಲಾರೂ ಬಿಡತಾರ್ರಿ. ಆ ಕಡಿ ಹುಡುಗರ ಅವ್ವಗಳೂ. ಅದಕ್ಕ ದ್ಯಾಮಣ್ಣಗ ಜಾಗಾ ಗೊತ್ತಿತ್ತು."

ಬಾಗಿಲಲ್ಲಿ ನಿಂತಿದ್ದ ಸಕ್ರಪ್ಪನಿಗೆ ಅಷ್ಟು ಸಾಕಾಯಿತು. "ಅಂದ್ರ ದ್ಯಾಮ್ಯಾನ ಅಂಗ್ಯಾಗೂ ಐತಿ ತೂತು" ಎಂದ. ಗುತ್ತಿಗೆದಾರ ಕೊಡಿಸಿದ ಜಾಮೀನಿನ ಮೇಲೆ ದ್ಯಾಮಣ್ಣ ಆಗಲೇ ಹೊರಗೆ ಬಂದಿದ್ದ. ಸಕ್ರಪ್ಪ ಚೂರಿಯನ್ನು ಸಾಣೆಗೆ ಕೊಟ್ಟು ಬಂದ. ನೀಲವ್ವ ಕಾಲು ಹಿಡಿದಳು. ಅವನು ಕಾಲು ಬಿಡಿಸಿಕೊಂಡ.

ಮರುದಿನ ಬೆಳಿಗ್ಗೆ ನೀಲವ್ವ ಹಿಂದಿನ ಓಣಿಯ ನಿಂಗವ್ವನ ಮನೆಗೆ ಹೋದಳು. ನಿಂಗವ್ವ ದ್ಯಾಮಣ್ಣನ ತಾಯಿ. ಅಂಗಳದ ಹಗ್ಗದ ಮೇಲೆ ಮಗನ ಕಚ್ಚಂಗಿ ಒಣಗುತ್ತಿತ್ತು.

"ಹರಿಯಾಕ ಬಂದೀಯೇನ?" ಎಂದಳು ಮುದುಕಿ, ಅಂಗಿಗೆ ಅಡ್ಡ ನಿಂತು.

"ಹರಿಯೂದಾದ್ರ ಅವನ್ನ ಹರೀತಿದ್ದೆ ದೊಡ್ಡವ್ವ. ಅತ್ತಾಗ ಸರಿ. ಬಗಲಾಗಿನ ಕುಣಿಕಿ ಮುಚ್ಚಬೇಕು."

ನಿಂಗವ್ವನಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು. "ದೃಷ್ಟಿ ಆಗತೈತಲ್ಲ ಯವ್ವಾ."

"ಆಗ್ಲಿ. ದೃಷ್ಟಿ ಆಗಬಾರ್ದಂತ ನಾನು ತಮ್ಮನ್ನ ಮಣ್ಣಿಗಿಟ್ಟೀನಿ."

ಮುದುಕಿ ಸರಿದಳು. ನೀಲವ್ವ ಹಸಿ ಅಂಗಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಕೊಕ್ಕೆಸೂಜಿಯಿಂದ ಬಿಟ್ಟ ಕುಣಿಕೆಯನ್ನು ಸಾಲು ಸಾಲಾಗಿ ಮೇಲೆತ್ತಿ ಬಿಗಿದು ಕಟ್ಟಿದಳು. ತಮ್ಮನನ್ನು ಕೊಂದವನ ಬೆವರಿನ ವಾಸನೆ ಸಾಬೂನಿನಲ್ಲೂ ಹೋಗಿರಲಿಲ್ಲ. ಎದ್ದು ಹೋಗುವಾಗ ನಿಂಗವ್ವ ನೀರು ಕೊಡಲು ಬಂದಳು. ನೀಲವ್ವ ಕುಡಿಯಲಿಲ್ಲ.

ಸಂತೆಯ ದಿನ ಬಸ್‌ಸ್ಟ್ಯಾಂಡಿನಲ್ಲಿ ಸಕ್ರಪ್ಪ ದ್ಯಾಮಣ್ಣನ ಮೇಲೆ ಬಿದ್ದ. ತೋಳು ತಿರುಚಿದ, ಕಂಕುಳಿಗೆ ತಿವಿದ. ಚೂರಿ ನಿಂತಿತು. ಮತ್ತೆ ತಿವಿದ, ಮತ್ತೆ ನಿಂತಿತು. ಮೂರನೆಯ ಸಲ ಹಿಡಿತ ಜಾರಿ ಅವನ ಬೆರಳುಗಳೇ ಅಲಗಿನ ಮೇಲೆ ಹರಿದವು. ದ್ಯಾಮಣ್ಣ ಕೆಳಗೆ ಬಿದ್ದಿದ್ದ ಗ್ರಾನೈಟ್ ತುಂಡು ಎತ್ತಿ ಅವನ ದವಡೆಗೆ ಹೊಡೆದ. ಹಲ್ಲುಗಳು ಡಾಂಬರಿನ ಮೇಲೆ ಚೆಲ್ಲಿದವು. ಇನ್ನೊಂದು ಏಟಿಗೆ ಕಲ್ಲೆತ್ತುವಷ್ಟರಲ್ಲಿ ಜನ ಅವನ ಹೆಸರು ಕೂಗಿದರು, ಅವನು ತಡೆದು ನಿಂತಾಗ ಹಿಡಿದರು.

ಆ ಕಲ್ಲು ಊರಿಗೆ ಪಾಠ ಕಲಿಸಿತು. ಅಂದಿನಿಂದ ಯಾರೂ ಮೈಗೆ ತಿವಿಯಲಿಲ್ಲ, ಮುಖಕ್ಕೆ ಹೊಡೆದರು. ತಿಂಗಳೊಳಗೆ ಎರಡೂ ಗುಂಪಿನವರು ಮಂದಾಕಿನಿಯ ಬಾಗಿಲಿಗೆ ಬಂದರು. ಕಣ್ಣಿಗೆ ತೂತು ಬಿಟ್ಟು ತಲೆಯಿಂದ ಕುತ್ತಿಗೆವರೆಗೆ ಮುಚ್ಚುವಂಥದ್ದೊಂದು ನಕ್ಷೆ ಬೇಕಾಗಿತ್ತು ಅವರಿಗೆ.

ಮಂದಾಕಿನಿ ಆಸ್ಪತ್ರೆಗೆ ಹೋದಾಗ ನೀಲವ್ವ ಗಂಡನಿಗೆ ನಳಿಗೆಯಲ್ಲಿ ಗಂಜಿ ಕುಡಿಸುತ್ತಿದ್ದಳು. ಅವನ ದವಡೆಯನ್ನು ತಂತಿಯಿಂದ ಬಿಗಿದಿದ್ದರು.

"ಅವನ ಅಂಗಿ ನೀನ ಮುಚ್ಚೀದಿ" ಎಂದ ಸಕ್ರಪ್ಪ ಹಲ್ಲಿಲ್ಲದ ಸಂದಿಯಿಂದ. "ನನ್ನ ಕೊಲ್ಲಾಕ ಬಿಟ್ಟಿ."

"ನೀವು ಕೊಲೆಗಡುಕ ಆಗಿ ಜೈಲಿಗಿ ಹೋಗಬಾರ್ದಿತ್ತು. ಇಷ್ಟ ಬೇಕಿತ್ತು ನನಗ. ದವಡಿ ಕೂಡತೈತಿ."

ಅವನು ಗೋಡೆಯ ಕಡೆ ಹೊರಳಿದ. ಮಂದಾಕಿನಿ ಹೊರಗಿನ ಬೆಂಚಿನ ಮೇಲೆ ಕೂತು ನೀಲವ್ವನಿಗೆ ಮುಖದ ನಕ್ಷೆಯ ವಿಷಯ ಹೇಳಿದರು. ಮಾಡುವುದು ಕಷ್ಟವಿರಲಿಲ್ಲ, ಒಂದು ವಾರದ ಕೆಲಸ. ಅದಿದ್ದಿದ್ದರೆ ಸಕ್ರಪ್ಪನ ಹಲ್ಲುಗಳೂ ಉಳಿಯುತ್ತಿದ್ದವು.

ನೀಲವ್ವ ಪಕ್ಕದ ನಲ್ಲಿಯಲ್ಲಿ ಬಟ್ಟಲು ತೊಳೆದು ಬೋರಲು ಹಾಕಿ ಬೆಂಚಿಗೆ ಬಂದು ಕೂತಳು. "ಬ್ಯಾಡ್ರಿ ಅಕ್ಕಾರ. ಬಸ್‌ಸ್ಟ್ಯಾಂಡಿನ್ಯಾಗ ಮಂದಿ ಅವನ್ನ ಹ್ಯಾಂಗ ಹಿಡಿದ್ರು? ನಿಂಗವ್ವನ ಮಗ ಅಂತ ಗುರುತು ಸಿಕ್ಕಿತು, ಹೆಸರು ಹಿಡಿದು ಕರದ್ರು. ಅಂವ ನಿಂತ. ಮಾರಿ ಮುಚ್ಚಿಕೊಂಡವಗ ಏನಂತ ಕರೀತೀರಿ?"

ಮಂದಾಕಿನಿ ಆ ನಕ್ಷೆ ಬರೆಯಲಿಲ್ಲ. ಇನ್ನೊಂದು ಊರಿನಲ್ಲಿ ಇನ್ಯಾರೋ ಅದನ್ನು ಬರೆಯುತ್ತಾರೆ, ಬಹುಶಃ ಆಗಲೇ ಶುರುಮಾಡಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಒಳಗಿನಿಂದ ಸಕ್ರಪ್ಪ ಹೆಂಡತಿಯನ್ನು ಕರೆದ. ದನಿ ಒಡೆದಿದ್ದರೂ ಹೆಸರು ತಿಳಿಯಿತು. ನೀಲವ್ವ ಎದ್ದು ಹೋದಳು.