ಮೊರದಲ್ಲಿಟ್ಟ ಕಾಗದ

ತಿಳಿದ ಡಾಕ್ಟರೋ ಅನುಭವಸ್ಥ ಪೊಲೀಸ್ ಅಧಿಕಾರಿಯೋ ಹೇಳಬೇಕಾದ ಕಥೆ ಇದು. ಹೇಳಲು ಹೊರಟದ್ದು ದುಡುಕೇ ಸರಿ. ತಪ್ಪು ಕಂಡರೆ ಓದುಗರು ಮನ್ನಿಸಬೇಕು. ಆದರೂ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ವಿಮಲಮ್ಮ ತೀರಿಕೊಂಡದ್ದು ಬುಧವಾರ ಬೆಳಿಗ್ಗೆ ಹತ್ತೂವರೆಗೆ, ವಿಜಯನಗರದ ಒಂದು ಆಸ್ಪತ್ರೆಯಲ್ಲಿ. ಹೆಡ್ ಕಾನ್‌ಸ್ಟೇಬಲ್ ಉದಯಕುಮಾರ್ ಐಸಿಯು ಬಾಗಿಲಲ್ಲೇ ನಿಂತಿದ್ದ. ಸತ್ತವಳು ಅವನ ಚಿಕ್ಕಮ್ಮ. ತಾಯಿಯಿಲ್ಲದವನನ್ನು ಸಾಕಿ, ಸಂಜೆ ಕಾಲೇಜಿಗೆ ಕಳಿಸಿ ಓದಿಸಿದವಳು.

ಡಾಕ್ಟರ್ ಬಸವರಾಜೇಶ್ವರಿ ಹೊರಗೆ ಬಂದರು. ಕೈಯಲ್ಲಿ ಒಂದು ಹಾಳೆ.

"ಹತ್ತು ದಿನದ ಹಿಂದೆ ಇವರಿಗೆ ಸ್ಕ್ಯಾನ್ ಆಗಿದೆ. ಸೆಂಟರ್‌ನಿಂದ ಈಗ ಕಾಪಿ ತರಿಸಿದೆ. ಪಿತ್ತನಾಳದಲ್ಲಿ ಕಲ್ಲು, ಕೂಡಲೇ ಅಡ್ಮಿಟ್ ಮಾಡಿ ಅಂತ ದಪ್ಪಕ್ಷರದಲ್ಲಿದೆ. ಯಾಕೆ ಕರ್ಕೊಂಡು ಬರ್ಲಿಲ್ಲ?"

"ಬರೀ ಕಾಮಾಲೆ ಅಂದ್ಕೊಂಡ್ವಿ ಮೇಡಂ."

"ಬರೀ ಕಾಮಾಲೆ ಅಂತ ಒಂದಿಲ್ಲ. ಅದು ಕಾಯಿಲೆ ಅಲ್ಲ, ಕಾಯಿಲೆಯ ಗುರುತು. ಕೆಟ್ಟ ನೀರಿಂದ ಬಂದಿದ್ರೆ ಬಹಳ ಜನಕ್ಕೆ ಕೆಲವು ವಾರದಲ್ಲಿ ತಾನಾಗೇ ಇಳಿಯತ್ತೆ. ರೆಸ್ಟು, ಊಟ, ಆಗಾಗ ರಕ್ತಪರೀಕ್ಷೆ, ಅಷ್ಟೆ. ಕಲ್ಲು ಅಡ್ಡ ಕೂತಿದ್ರೆ ಯಾವ ಸೊಪ್ಪೂ ಕರಗಿಸಲ್ಲ. ಬಾಯಿಂದ ಟ್ಯೂಬ್ ಇಳಿಸಿ ತೆಗೀಬೇಕು. ಇವರಿಗೆ ಪಿತ್ತ ಕಟ್ಟಿಕೊಂಡು, ಸೋಂಕಾಗಿ, ರಕ್ತಕ್ಕೆಲ್ಲ ನಂಜೇರಿತ್ತು."

ಉದಯಕುಮಾರ್ ಚಿಕ್ಕಮ್ಮನ ಚೀಲ ತೆರೆದ. ರಕ್ತಪರೀಕ್ಷೆಯ ಹಾಳೆ ಇತ್ತು. ಸ್ಕ್ಯಾನ್ ರಿಪೋರ್ಟ್ ಇರಲಿಲ್ಲ.

ಶ್ರೀಗಂಧದ ಕಾವಲಿನ ನಾಟಿವೈದ್ಯ ಶಂಭುಲಿಂಗಪ್ಪನ ಹತ್ತಿರ ಸೊಪ್ಪಿನ ಔಷಧಿ ತಗೋ, ಆಸ್ಪತ್ರೆ ಆಮೇಲೆ ನೋಡೋಣ ಅಂದಿದ್ದವನು ಉದಯಕುಮಾರನೇ. ಎರಡು ವರ್ಷದ ಹಿಂದೆ ಅವನ ಕಾಮಾಲೆಯೂ ಅಲ್ಲೇ ವಾಸಿಯಾಗಿತ್ತು. ಹಾಗಾದರೆ ಕೊಂದವನು ಯಾರು? ತಾನೇ ಅಲ್ಲವೆ?

*

"ಆ ಕಾಗದ ನೀವೇ ಬಚ್ಚಿಟ್ರಾ ಚಿಕ್ಕಪ್ಪ?"

ಹೊಸಹಳ್ಳಿಯ ಮನೆಯಲ್ಲಿ ವಿಮಲಮ್ಮನ ಗಂಡ ಮರಿಯಪ್ಪ ಗೋಡೆಗೆ ಒರಗಿ ಕೂತಿದ್ದ. ಆಸ್ಪತ್ರೆ ಬೇಡವೇ ಬೇಡ, ಹೊಟ್ಟೆ ಕುಯ್ದು ಹಾಕ್ತಾರೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಾಡಿದ್ದವನು ಅವನು.

"ಪೊಲೀಸ್ ಬುದ್ಧಿ ನನ್ನ ಮೇಲೇ ತೋರಿಸ್ತೀಯೇನೋ?" ಎಂದ. "ಚೀಲದಲ್ಲಿ ಎರಡು ಕಾಗದ ಇತ್ತು ಕಣೋ. ಎರಡೂ ಇಂಗ್ಲಿಷು. ನಂಗೆ ಕನ್ನಡವೇ ನೆಟ್ಟಗೆ ಓದಕ್ಕೆ ಬರಲ್ಲ. ಯಾವುದನ್ನ ಬಚ್ಚಿಡಬೇಕು, ಯಾವುದನ್ನ ಬಿಡಬೇಕು ಅಂತ ನಂಗೆ ಹೆಂಗಪ್ಪಾ ಗೊತ್ತಾಗತ್ತೆ?"

ಉದಯಕುಮಾರ್ ತಲೆ ತಗ್ಗಿಸಿದ. ಮಾತು ಸರಿಯಾಗಿತ್ತು. ತೆಗೆದವನಿಗೆ ರಿಪೋರ್ಟ್ ಓದಲು ಬರುತ್ತದೆ.

*

ಶಂಭುಲಿಂಗಪ್ಪನ ಮನೆಯಲ್ಲಿ ಒಂದು ಕಟ್ಟಳೆ. ಆಸ್ಪತ್ರೆ ಕಾಗದವನ್ನು ಹೊಸ್ತಿಲ ಮುಂದಿನ ಮೊರದಲ್ಲಿ ಇಡಬೇಕು. ಅವನು ಮೊರ ಎತ್ತಿಕೊಂಡು ದೇವರ ಕೋಣೆಗೆ ಹೋಗಿ, ಹತ್ತು ನಿಮಿಷ ಬಿಟ್ಟು ಬರುತ್ತಾನೆ. ಆಮೇಲೆ ಔಷಧಿ. ಕಾಸು ಮುಟ್ಟುವುದಿಲ್ಲ. ಔಷಧಿ ಹಿಡಿದವರು ಮೂರು ವಾರ ಆಸ್ಪತ್ರೆ ಮೆಟ್ಟಿಲು ಹತ್ತಬಾರದು.

"ನಂಗೂ ಮೈ ಸುಸ್ತು ಸ್ವಾಮಿ. ಕೈ ತೊಳೆಸಿ ನೋಡಿ," ಎಂದ ಉದಯಕುಮಾರ್.

ಶಂಭುಲಿಂಗಪ್ಪ ಅವನ ಅಂಗೈಗೆ ಏನೋ ರಸ ಸವರಿದ. ಮೇಲೆ ಸುಣ್ಣದ ತಿಳಿ ಹೊಯ್ದ. ಬಟ್ಟಲಿಗೆ ಹಳದಿ ನೀರು ಇಳಿಯಿತು.

"ಕಾಮಾಲೆ ಮತ್ತೆ ಬಂದಿದೆ. ನೋಡಿ, ಹೆಂಗೆ ಇಳೀತಿದೆ."

ಮಧ್ಯಾಹ್ನ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟ. ಕಾಮಾಲೆಯ ಸುಳಿವೇ ಇರಲಿಲ್ಲ.

"ಮಾವಿನ ತೊಗಟೆ ರಸ," ಎಂದು ಬಸವರಾಜೇಶ್ವರಿ ನಕ್ಕರು. "ಸುಣ್ಣ ಬಿದ್ದರೆ ಹಳದಿಯಾಗತ್ತೆ. ನನ್ನ ಕೈಗೆ ಹಚ್ಚಿದ್ರೂ ಅಷ್ಟೆ."

ಮೋಸಗಾರ ಎಂದು ಗೊತ್ತಾಯಿತು. ಎರಡು ವರ್ಷದಿಂದ ಠಾಣೆಯಲ್ಲೆಲ್ಲ ಈ ಮನುಷ್ಯನ ಗುಣಗಾನ ಮಾಡಿದ್ದು ನೆನೆದು ಉದಯಕುಮಾರನ ಮುಖ ಸುಟ್ಟಂತಾಯಿತು. ಆದರೂ ಒಂದು ತೊಡಕು. ಎಲ್ಲರಿಗೂ ಸೊಪ್ಪು ಅರೆದು ಕೊಡುವವನ ಕೈಯಲ್ಲಿ ಇಷ್ಟು ವರ್ಷ ಒಬ್ಬ ರೋಗಿಯೂ ಸಾಯಲಿಲ್ಲವೇಕೆ?

*

ಅದಕ್ಕೆ ಉತ್ತರ ಸಿಕ್ಕಿದ್ದು ಮಹಾಲಕ್ಷ್ಮಿ ಲೇಔಟ್‌ನ ಆಟೋ ಸ್ಟ್ಯಾಂಡಿನಲ್ಲಿ. ಆಟೋ ಓಡಿಸುವ ಹನುಮಯ್ಯನನ್ನು ಶಂಭುಲಿಂಗಪ್ಪ ಯುಗಾದಿ ಹೊತ್ತಿಗೆ ವಾಪಸ್ ಕಳಿಸಿದ್ದ.

"ದೇವರಂಥ ಮನುಷ್ಯ ಸಾರ್. ನಿನ್ನ ನಕ್ಷತ್ರಕ್ಕೆ ನನ್ನ ಔಷಧಿ ಹಿಡಿಯಲ್ಲ, ಈಗಲೇ ಆಸ್ಪತ್ರೆಗೆ ಹೋಗು ಅಂದ್ರು. ಹೋದೆ, ಕಲ್ಲು ತೆಗೆದ್ರು, ಬದುಕ್ದೆ."

"ಯಾವ ನಕ್ಷತ್ರ ನಿಂದು?"

"ಯಾರಿಗೆ ಗೊತ್ತು ಸಾರ್? ನಮ್ಮವ್ವ ಹುಟ್ಟಿದ ದಿನವೇ ಬರೆಸಿಲ್ಲ."

"ಅವರು ಕೇಳ್ಲಿಲ್ವಾ?"

ಹನುಮಯ್ಯ ತಲೆ ಕೆರೆದುಕೊಂಡ. "ಇಲ್ಲ ಸಾರ್. ಮೊರ ಒಳಗೆ ತಗೊಂಡು ಹೋದ್ರು, ಬಂದ್ರು, ಹೇಳಿದ್ರು."

*

ಮರುದಿನ ಸೀರೆಯುಟ್ಟ ಮಹಿಳಾ ಕಾನ್‌ಸ್ಟೇಬಲ್ ಭುವನೇಶ್ವರಿ ಆ ಮನೆಯ ಮುಂದೆ ಕೂತಳು. ಮೊರದಲ್ಲಿ ಹನುಮಯ್ಯನ ಹಳೆಯ ಸ್ಕ್ಯಾನ್ ರಿಪೋರ್ಟಿನ ಜೆರಾಕ್ಸು. ಹೆಸರು, ವಯಸ್ಸು, ಲಿಂಗ, ತಾರೀಕು ಮಾತ್ರ ಬದಲಾಗಿತ್ತು.

ಹತ್ತು ನಿಮಿಷಕ್ಕೆ ಶಂಭುಲಿಂಗಪ್ಪ ಹೊರಬಂದ.

"ನಿಮ್ಮ ನಕ್ಷತ್ರಕ್ಕೆ ಔಷಧಿ ಹಿಡಿಯಲ್ಲಮ್ಮ. ಇವತ್ತೇ ಆಸ್ಪತ್ರೆಗೆ ಹೋಗಿ."

"ನಾನು ನಕ್ಷತ್ರ ಹೇಳೇ ಇಲ್ವಲ್ಲ ಸ್ವಾಮಿ?"

ಬೇಲಿಯಾಚೆಯಿಂದ ಉದಯಕುಮಾರ್ ಒಳಗೆ ಬಂದ.

"ಅವಳ ಕಣ್ಣು ನೋಡಿ, ಬೆಳ್ಳಗಿದೆ. ನೀವು ಕಣ್ಣೂ ನೋಡ್ಲಿಲ್ಲ, ಕೈಯೂ ತೊಳೆಸ್ಲಿಲ್ಲ. ಕಾಗದ ಓದಿದ್ರಿ. ತಾನಾಗೇ ವಾಸಿಯಾಗೋ ಕಾಮಾಲೆ ಬಂದ್ರೆ ಇಟ್ಕೊಂಡು ಹೆಸರು ತಗೋತೀರಿ. ಕಲ್ಲು ಅಂತ ಕಂಡ್ರೆ ನಕ್ಷತ್ರದ ನೆಪ ಹೇಳಿ ಕಳಿಸ್ತೀರಿ. ಅದಕ್ಕೇ ನಿಮ್ಮ ಕೈಯಲ್ಲಿ ಯಾರೂ ಸಾಯಲ್ಲ. ನನ್ನದೂ ತಾನಾಗೇ ಇಳಿದ ಕಾಮಾಲೆ. ಅಲ್ವಾ?"

ಉದಯಕುಮಾರ್ ದೇವರ ಕೋಣೆಗೆ ಹೋಗಿ ಹುಡುಕಿದ. ದೇವರ ಪಟದ ಹಿಂದೆ ವಿಮಲಮ್ಮನ ಸ್ಕ್ಯಾನ್ ರಿಪೋರ್ಟ್ ನಾಲ್ಕು ಮಡಿಕೆಯಾಗಿ ಸಿಕ್ಕಿತು. ಪಕ್ಕದಲ್ಲಿ ಶಂಭುಲಿಂಗಪ್ಪನದೇ ಒಂದು ಹಳೆಯ ಗುರುತಿನ ಚೀಟಿ. ಯಾವುದೋ ಲ್ಯಾಬಿನಲ್ಲಿ ಹದಿನೆಂಟು ವರ್ಷ ಟೆಕ್ನಿಷಿಯನ್.

"ಗೊತ್ತಿದ್ದೂ ಅವಳನ್ನ ಯಾಕೆ ಕಳಿಸ್ಲಿಲ್ಲ? ಕಾಗದ ಯಾಕೆ ಬಚ್ಚಿಟ್ರಿ?"

"ನೀವೇ ಫೋನ್ ಮಾಡಿದ್ರಲ್ಲ ಸಾರ್," ಎಂದ ಶಂಭುಲಿಂಗಪ್ಪ, ಮೆತ್ತಗೆ. "ನಮ್ಮ ಚಿಕ್ಕಮ್ಮ, ನೀವೇ ವಾಸಿ ಮಾಡಬೇಕು ಅಂತ."

ಅಷ್ಟೆ. ಆಮೇಲೆ ಠಾಣೆಯಲ್ಲೂ ಬಾಯಿ ಬಿಡಲಿಲ್ಲ.

*

ಸಂಜೆ ಉದಯಕುಮಾರ್ ತನ್ನ ಹೇಳಿಕೆ ಬರೆದುಕೊಟ್ಟ. ಚಿಕ್ಕಮ್ಮನನ್ನು ಅಲ್ಲಿಗೆ ಕಳಿಸಿದವನು ನಾನೇ ಎಂಬ ಸಾಲೂ ಅದರಲ್ಲಿತ್ತು. ಇನ್‌ಸ್ಪೆಕ್ಟರ್ ಅದು ಬೇಡ ಎಂದರು. ಅವನು ತೆಗೆಯಲಿಲ್ಲ.

ಕಾಗದ ಬಚ್ಚಿಟ್ಟವನು ಯಾರೆಂದು ಗೊತ್ತಾಯಿತು. ಏಕೆಂದು ಗೊತ್ತಾಗಲಿಲ್ಲ. ಪೊಲೀಸನ ಮುಂದೆ ಸೋಲೊಪ್ಪಲು ಹೆದರಿದನೋ, ಒಂದು ಸಲವಾದರೂ ತನ್ನ ಸೊಪ್ಪು ಗೆಲ್ಲಲಿ ಎಂದುಕೊಂಡನೋ, ತಿಳಿಯದು. ಆ ಫೋನ್ ಹೋಗದಿದ್ದರೆ ವಿಮಲಮ್ಮನನ್ನೂ ನಕ್ಷತ್ರದ ನೆಪ ಹೇಳಿ ಆಸ್ಪತ್ರೆಗೆ ಅಟ್ಟುತ್ತಿದ್ದನೇ? ಅದೂ ತಿಳಿಯದು.