ಬರಿದಾದ ಗುಂಡಿಯ ಸಾಕ್ಷಿ

"ನನ್ ಗೊಬ್ರದ್ ಗುಂಡಿಯಿಂದ ಬಾವೀಗೆ ಒಂದ್ ತೊಟ್ಟೂ ಅರಿದಿಲ್ಲ ಸಾರ್. ಸಂಜೆಯೊಳ್ಗೆ ಅಸುಗಳ್ನ ಊರಾಚೆ ಅಟ್ಟು ಅಂತವ್ರೆ ಊರೋರು. ನಾಕ್ ಅಸು ಬಿಟ್ರೆ ನನ್ಗಿನ್ನೇನೈತೆ?"

ಗಂಗರತ್ನಮ್ಮನ ಮಾತು ಕೇಳುತ್ತಲೇ ಸೆಲ್ವರಾಜ್ ಊರ ಬಾವಿಯೊಳಗೆ ಇಣುಕಿದರು. ಕುಡಿಯುವ ನೀರು ಹಸಿರುಗಪ್ಪಾಗಿ ನಾರುತ್ತಿತ್ತು. ಊರಿಗಾಂ ಚಿನ್ನದ ಗಣಿಯಲ್ಲಿ ಸರ್ವೇಯರ್ ಆಗಿದ್ದ ಅವರನ್ನು, ಬಗೆಹರಿಯದ ತಕರಾರು ಬಂದಾಗಲೆಲ್ಲ ಕ್ಯಾಸಂಬಳ್ಳಿ ಸುತ್ತಿನ ಜನ ಕರೆಸುತ್ತಿದ್ದರು. ಬೆನ್ನಿಗೆ ಡೇರಿ ಕಾರ್ಯದರ್ಶಿ ಶ್ರೀಧರ್ ಇದ್ದೇ ಇರುತ್ತಿದ್ದ. ಯಂತ್ರವಿಟ್ಟು ಹಾಲು ಅಳೆಯುವ ತನಗೆ ಕಾಣದ್ದು ಇವರ ಬರಿಗಣ್ಣಿಗೆ ಕಾಣುತ್ತದಲ್ಲ ಎಂಬ ಹೊಟ್ಟೆಕಿಚ್ಚು ಅವನಿಗೆ ತಪ್ಪಿದ್ದಲ್ಲ.

ಬಾವಿಯ ಮೇಲ್ಗಡೆಯ ಇಳಿಜಾರಿನಲ್ಲಿ ಗಂಗರತ್ನಮ್ಮನ ಗೊಬ್ಬರದ ಗುಂಡಿ. ಮಳೆನೀರು ಸೇರದಂತೆ ಮೇಲೆ ಟಾರ್ಪಾಲು, ಸುತ್ತ ಮಣ್ಣಿನ ಬದು. ಆ ಬದು ಒಡೆದಿತ್ತು. ಅಲ್ಲಿಂದ ಬಾವಿಯವರೆಗೂ ಸಗಣಿರಾಡಿಯ ಜಾಡು.

"ಇನ್ಯಾವ ಸಾಕ್ಷಿ ಬೇಕು?" ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವುದನ್ನು ಬಿಟ್ಟು ಬಂದಿದ್ದ ಗಂಗರತ್ನಮ್ಮನ ಓರಗಿತ್ತಿ ಶಶಿರೇಖ ಕೇಳಿದಳು. "ಒಳ್ಳೆ ಹಾಲು ಅಂತ ಡೇರೀಲಿ ಇವ್ಳಿಗೆ ಸ್ಟೀಲ್ ಕ್ಯಾನ್ ಬಹುಮಾನ ಕೊಟ್ರಲ್ಲ, ಅದ್ರಲ್ಲೇ ಊರ್ಗೆಲ್ಲ ನೀರು ತರ್ಲಿ."

ಸೆಲ್ವರಾಜ್ ಟಾರ್ಪಾಲು ಸರಿಸಿದರು. ಗುಂಡಿಯ ತಳ ಒಣಗಿ ಬಿರುಕುಬಿಟ್ಟಿತ್ತು. ಆಮೇಲೆ ರಾಡಿಯಿಂದ ಬಿಳಿಪುಡಿ ಹತ್ತಿದ ಕಡ್ಡಿಯೊಂದನ್ನು ಹೆಕ್ಕಿದರು.

ಸಂಜೆ ಬಾವಿಕಟ್ಟೆಯ ಬಳಿ ಊರು ನೆರೆಯಿತು.

"ಶನಿವಾರವೇ ಗೊಬ್ಬರವೆಲ್ಲ ರಾಗಿಹೊಲಕ್ಕೆ ಹೋಗಿದೆ. ಅಂದಿನಿಂದ ಸಗಣಿಯನ್ನೂ ನೇರ ಅಲ್ಲಿಗೇ ಹೊರುತ್ತಿದ್ದಾರೆ," ಎಂದರು ಸೆಲ್ವರಾಜ್. "ಊರಲ್ಲಿದ್ದವರೆಲ್ಲ ಅದನ್ನು ನೋಡಿದ್ದಾರೆ, ಜಾಡು ಕಂಡ ಗಾಬರಿಯಲ್ಲಿ ಮರೆತಿದ್ದಾರೆ. ಬದು ಒಡೆದವರು ನೋಡಿರಲಿಲ್ಲ; ಟಾರ್ಪಾಲಿನಡಿ ಗುಂಡಿ ತುಂಬಿದೆ ಎಂದುಕೊಂಡರು. ಒಡೆದರೂ ಏನೂ ಹರಿಯಲಿಲ್ಲ. ಆಗ ತಮ್ಮ ತಿಪ್ಪೆಯ ರಾಡಿಯನ್ನೇ ಹೊತ್ತು ತಂದು ಬಾವಿಗೆ ಸುರಿದರು, ದಾರಿಯುದ್ದಕ್ಕೂ ಚೆಲ್ಲಿದರು. ತಂಬಿ ಶ್ರೀಧರ್, ಈ ಕಡ್ಡಿ ಯಾವುದು?"

"ಹಿಪ್ಪುನೇರಳೆ," ಎಂದ ಶ್ರೀಧರ್. "ಬಿಳೀದು ಸುಣ್ಣ. ರೇಷ್ಮೆಹುಳುಗಳಿಗೆ ರೋಗ ಬರದ ಹಾಗೆ ಉದುರಿಸ್ತಾರೆ."

"ಊರಲ್ಲಿ ಹುಳು ಸಾಕುವುದು ಒಂದೇ ಮನೆ. ಶಶಿರೇಖಮ್ಮ, ಶನಿವಾರ ನೀವೆಲ್ಲಿದ್ದಿರಿ?"

"ಬೇತಮಂಗ್ಲದಾಗೆ. ತವರಲ್ಲಿ." ಅವಳ ದನಿ ಕುಗ್ಗಿತು. "ನಾನೂ ನಾಕ್ ಅಸು ಕಟ್ಟಿವ್ನಿ. ಡೇರೀಗೆ ಇವ್ಳು ಬಂದ್ರೆ ಎಲ್ರೂ ದಾರಿ ಬಿಡ್ತಾರೆ. ನನ್ ಹಾಲ್ನ ಮಾತ್ರ ದಿನಾ ಮೂಸಿ ನೋಡ್ತಾರೆ."

"ಗಂಗರತ್ನಮ್ಮನ ಅಸುಗಳು ಎಲ್ಲೂ ಓಗಲ್ಲ," ಎಂದ ಊರ ಹಿರಿಯ ಚಿಕ್ಕಮುನಿಯಪ್ಪ. "ಬಾವಿ ತೊಳ್ಸೋದು ನಿನ್ ಕೆಲ್ಸ ಕಣಮ್ಮ ಶಶಿರೇಖ."

ಗಂಗರತ್ನಮ್ಮ ಹಗ್ಗ, ಬಕೆಟ್ಟು ತಂದಿಟ್ಟಳು. "ಬಾ ಅಕ್ಕ. ಒಬ್ಳೇ ಸೇದಿದ್ರೆ ನಾಳೆಗೂ ಮುಗಿಯಲ್ಲ."

ಶ್ರೀಧರ್ ತಲೆಯೆತ್ತಲಿಲ್ಲ. ಶಶಿರೇಖಳ ಹಾಲನ್ನು ದಿನಾ ಮೂಸುತ್ತಿದ್ದವನು ಅವನೇ.